ಅಗಸೆಬಾಗಿಲವರೆಗೆ ಬ್ಯಾಂಡು

ಚಳ್ಳಕೆರೆಯ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರಿಗೆಲ್ಲ ನನ್ನ ಹುಚ್ಚು ಗೊತ್ತು. ಬ್ಲೌಸಿನ ಅಳತೆ ತೆಗೆದು ಮುಗಿಸಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಕೇಳುತ್ತೇನೆ: "ನಿಮ್ಮ ಮದುವೇಲಿ ಬ್ಯಾಂಡ್ ಯಾರ್ದು?" ಮೊಳಕಾಲ್ಮೂರಿನದು ಅಂದರೆ ನನ್ನ ಕೈ ನಿಲ್ಲುತ್ತದೆ. ಹಿಂದಹಿಂದಕ್ಕೆ ನಡೆಯುವ ಮೇಷ್ಟ್ರ ಬ್ಯಾಂಡಾ ಅಂತ ಕೇಳುತ್ತೇನೆ. ಹೌದು ಅಂದರೋ, ಅವರ ಕಥೆ ಮುಗಿಯಿತು. ಮದುವೆಯ ಕ್ಯಾಸೆಟ್ ಅಟ್ಟದಿಂದ ಇಳಿಸಿ ತಂದುಕೊಡುವವರೆಗೂ ಬೆನ್ನು ಬಿಡುವುದಿಲ್ಲ. ತಂದುಕೊಟ್ಟವರ ಸೀರೆಗೆ ಫಾಲು, ಜಿಗ್‌ಜಾಗು ಪುಕ್ಕಟೆ. "ಊರಿನ ಸೀರೆಗೆಲ್ಲ ಫಾಲ್ ಹಚ್ಚಿ ಆಯ್ತು, ಇನ್ನು ನನ್ನ ಪಂಚೆಗೂ ಒಂದು ಹಚ್ಚಿಬಿಡು" ಅಂತ ನನ್ನ ಗಂಡ ರೇಗಿಸುತ್ತಾರೆ. ರೇಗಿಸಲಿ. ಅವರಿಗೆ ಕ್ರಿಕೆಟ್ಟು, ನನಗೆ ಇದು.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ನಮ್ಮ ಓಣಿಯ ಗಂಡಸರಲ್ಲಿ ಒಂದಷ್ಟು ಜನ ಹಗಲು ರೇಷ್ಮೆ ನೇಯುತ್ತಿದ್ದರು, ಸಂಜೆ ಮಗ್ಗ ಬಿಟ್ಟೆದ್ದು ಬ್ಯಾಂಡ್ ಬಾರಿಸುತ್ತಿದ್ದರು. ಅವರನ್ನು ನಡೆಸುತ್ತಿದ್ದವರು ಮೇಷ್ಟ್ರು. ಅವರೂ ನೇಕಾರರೇ. ಬೇರೆ ಬ್ಯಾಂಡಿನ ಮೇಷ್ಟ್ರುಗಳೆಲ್ಲ ಕ್ಲಾರಿನೆಟ್ ಊದುತ್ತಾ ಎದೆಯುಬ್ಬಿಸಿ ಮುಂದೆ ನಡೆದರೆ, ನಮ್ಮ ಮೇಷ್ಟ್ರು ಏನನ್ನೂ ಊದುತ್ತಿರಲಿಲ್ಲ. ತಮ್ಮ ಜನಕ್ಕೆ ಮುಖ ಮಾಡಿ, ರಸ್ತೆಗೆ ಬೆನ್ನು ತಿರುಗಿಸಿ, ಬರಿಗೈ ಆಡಿಸುತ್ತಾ ಊರು ಪೂರ್ತಿ ಹಿಂದಕ್ಕೆ ನಡೆಯುತ್ತಿದ್ದರು. ಎಲ್ಲರೂ ಜೋರಾಗಿ ಕುಣಿಸುವ ಹಾಡನ್ನು ಇವರು ಜೋಗುಳದ ಹಾಗೆ ಎಳೆದು ನುಡಿಸುತ್ತಿದ್ದರು. "ನಿದಾನಂಗಾ ರಾ, ನಿದಾನಂಗಾ" ಅಂತ ತೆಲುಗಿನಲ್ಲಿ ಗದರುತ್ತಿದ್ದರು. ಒಮ್ಮೊಮ್ಮೆ ಅಂಗೈ ಮುಚ್ಚಿದರೆ ಸಾಕು, ಇಡೀ ಬ್ಯಾಂಡು ಗಪ್‌ಚಿಪ್. ಮದುಮಗನ ಕಡೆಯವರು "ಏನ್ರೀ, ದುಡ್ಡು ಕೊಟ್ಟಿಲ್ವೇನ್ರೀ ನಾವು?" ಅಂತ ಹಾರಾಡುವಾಗ ಆ ನಿಶ್ಶಬ್ದದಿಂದ ಒಂದೇ ಒಂದು ಕ್ಲಾರಿನೆಟ್ ಏಳುತ್ತಿತ್ತು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ ನನಗೆ.

ಆ ಕ್ಲಾರಿನೆಟ್ಟು ಮೇಷ್ಟ್ರ ಬಾಮೈದನದು, ಅಂದರೆ ಅವರ ಹೆಂಡತಿಯ ತಮ್ಮನದು. ಅವನಿಗೆ ಇನ್ನೊಂದು ಕೆಲಸವೂ ಇತ್ತು. ಮೇಷ್ಟ್ರಿಗೆ ಬೆನ್ನ ಹಿಂದಿನ ಗುಂಡಿ, ಚರಂಡಿ, ಮಲಗಿದ ಎಮ್ಮೆ ಕಾಣಬೇಕಲ್ಲ? ಅವನು ಊದುತ್ತಲೇ ಕ್ಲಾರಿನೆಟ್ಟಿನ ಮೂತಿಯನ್ನು ಎಡಕ್ಕೆ ವಾಲಿಸಿದರೆ ಮೇಷ್ಟ್ರು ಎಡಕ್ಕೆ ಸರಿಯುತ್ತಿದ್ದರು, ಬಲಕ್ಕೆ ವಾಲಿಸಿದರೆ ಬಲಕ್ಕೆ. ಬೇರೆಯವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಓಣಿಯ ಮಕ್ಕಳಾದ ನಮಗೆ ಮಾತ್ರ ಗೊತ್ತಿತ್ತು.

ಅವರ ಬ್ಯಾಂಡನ್ನು ರೆಕಾರ್ಡ್ ಮಾಡಿದವರು ಯಾರೂ ಇಲ್ಲ. ಇರುವುದು ಮದುವೆ ವಿಡಿಯೋಗಳಲ್ಲಿ ಮಾತ್ರ. ಅಲ್ಲಿಯೂ ನನ್ನ ಹಣೆಬರಹ ನೋಡಿ: ಸ್ಟುಡಿಯೋದವರು ಮಿಕ್ಸಿಂಗ್ ಅಂತ ಮಾಡುತ್ತಾರಲ್ಲ, ಮೆರವಣಿಗೆ ಬಂತೆಂದರೆ ಅಸಲಿ ಸದ್ದು ಅಳಿಸಿ ಸಿನಿಮಾ ಹಾಡು ಹಾಕಿಬಿಡುತ್ತಾರೆ. ಎಷ್ಟು ಸಲ ಟಿವಿ ಮುಂದೆ ಕೂತು ಹಲ್ಲು ಕಡಿದಿದ್ದೇನೋ! ಪರದೆಯ ಮೇಲೆ ನನ್ನ ಮೇಷ್ಟ್ರು ಕೈ ಎತ್ತುತ್ತಾರೆ, ಬ್ಯಾಂಡಿನವರ ಕೆನ್ನೆ ಉಬ್ಬುತ್ತದೆ, ಕೇಳುವುದು ಮಾತ್ರ ಯಾವುದೋ ಡ್ಯುಯೆಟ್ಟು. ಥೂ, ಆ ಮಿಕ್ಸಿಂಗ್ ಮಾಡಿದವರ ಕೈ ಸೇದಿಹೋಗ! ಹಾಗಾಗಿ ಮಿಕ್ಸಿಂಗ್ ಆಗದೆ ಉಳಿದ ಕ್ಯಾಸೆಟ್ಟು, ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟ ಕ್ಯಾಸೆಟ್ಟು, ಇಂಥವೇ ನನಗೆ ಬಂಗಾರ. ಸಿಕ್ಕಿದ್ದನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿಸಿ ಗುಂಡಿಗಳ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಹೋದ ವರ್ಷ ಮೇಷ್ಟ್ರೇ ನನ್ನ ಅಂಗಡಿಗೆ ಬಂದರು. ನಾನು ಎದ್ದು ನಿಂತು "ಬನ್ನಿ ಮೇಷ್ಟ್ರೇ" ಅಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಬಲಗಿವಿ ಮುಂದೆ ಮಾಡಿ, "ಈ ಕಡೆ ಮಾತಾಡವ್ವಾ, ಆ ಕಡೇದು ಮುಚ್ಚೋಯ್ತು" ಅಂದರು. ಚಿತ್ರದುರ್ಗದ ಡಾಕ್ಟರು ನೋಡಿ, ಬಲಗಿವಿಯೂ ಹೆಚ್ಚು ದಿನ ಬಾಳುವುದಿಲ್ಲ ಅಂದಿದ್ದರಂತೆ. ಜೀವಮಾನವೆಲ್ಲ ತುತ್ತೂರಿಗಳ ಬಾಯಿಗೇ ನಿಂತವರು, ಇನ್ನೇನಾಗುತ್ತದೆ! ಅವರು ಮಾತ್ರ ಅಳುವುದಕ್ಕೆ ಬಂದಿರಲಿಲ್ಲ.

"ನೀನು ನನ್ನ ಕ್ಯಾಸೆಟ್ ಎಲ್ಲಾ ಹುಡುಕ್ತೀಯಂತೆ. ಆ ಮಣ್ಣಿನ ಕ್ಯಾಸೆಟ್ ಹುಡುಕಿಕೊಡು" ಅಂದರು.

ಯಾವ ಮಣ್ಣು ಅಂತ ಮೊಳಕಾಲ್ಮೂರಿನ ನನಗೆ ಹೇಳಬೇಕಾಗಿಯೇ ಇರಲಿಲ್ಲ. ಬಹಳ ವರ್ಷದ ಹಿಂದೆ ವರವು ಕಾವಲ್ ಅನ್ನುವ ಹುಲ್ಲುಗಾವಲಿನ ಅಂಚಿನ ಒಂದು ಹಳ್ಳಿಯಲ್ಲಿ ದೊಡ್ಡ ಕುರಿ ಹಿಂಡಿನ ಯಜಮಾನರೊಬ್ಬರು ತೀರಿಕೊಂಡಾಗ ಮಣ್ಣು ಮಾಡಲು ಹೋಗುವ ಮೆರವಣಿಗೆಗೆ ಮೇಷ್ಟ್ರ ಬ್ಯಾಂಡನ್ನು ಕರೆಸಿದ್ದರು. ಅವತ್ತು ಮೇಷ್ಟ್ರು ಯಾರೂ ಮಾಡದ ಕೆಲಸ ಮಾಡಿದರು. ಬ್ಯಾಂಡನ್ನು ಎರಡು ಮಾಡಿ, ಅರ್ಧವನ್ನು ಚಟ್ಟದ ಮುಂದೆ, ಅರ್ಧವನ್ನು ಜನರ ಹಿಂದೆ, ಮೆರವಣಿಗೆಯ ಬಾಲಕ್ಕೆ ಇಟ್ಟರು. ಮುಂದಿನವರು ಒಂದು ಸಾಲು ನುಡಿಸಬೇಕು, ಹಿಂದಿನವರು ಅದಕ್ಕೆ ಉತ್ತರ ಕೊಡಬೇಕು, ನಡುವೆ ಸತ್ತವರು ಎರಡರ ನಾದದಲ್ಲೇ ಹೋಗಬೇಕು. ಬಾಮೈದ ಹಿಂದಿನ ಅರ್ಧದಲ್ಲಿದ್ದ, ಮೇಷ್ಟ್ರು ನಡುವೆ. ಆದರೆ ಹೂಳುವ ಜಾಗ ಮುಟ್ಟುವಷ್ಟರಲ್ಲಿ ಎಲ್ಲಾ ಚೆಲ್ಲಾಪಿಲ್ಲಿಯಾಗಿತ್ತು. ಮುಂದಿನವರದು ಒಂದು, ಹಿಂದಿನವರದು ಇನ್ನೊಂದು. "ಸಾವಿನ ಮನೇಲಿ ತಮಾಷೆ ಮಾಡ್ತೀರೇನ್ರೋ!" ಅಂತ ಹಿರಿಯರು ಕೂಗಿ ನಿಲ್ಲಿಸಿದರು. ಮೇಷ್ಟ್ರು ಎಲ್ಲರೆದುರು ಬಾಮೈದನ ಮೇಲೆ ಹರಿಹಾಯ್ದು, ನೀನು ಎಳೆದೆ, ನೀನೇ ಕೆಡಿಸಿದೆ ಅಂತ ಕೂಗಾಡಿದರು. ಅವನು ಏನೋ ಹೇಳಲು ಹೋದ, ಆಗಲಿಲ್ಲ, ಕ್ಲಾರಿನೆಟ್ ಕಂಕುಳಲ್ಲಿ ಇಟ್ಟುಕೊಂಡು ಹೊಲದೊಳಗೆ ಇಳಿದು ನಡೆದುಬಿಟ್ಟ. ಆಮೇಲೆ ಒಂದೇ ಓಣಿಯಲ್ಲಿದ್ದೂ ಇಬ್ಬರಿಗೆ ಮಾತಿಲ್ಲ. ದಾರಿ ತೋರಿಸುವವನಿಲ್ಲದೆ ಮೇಷ್ಟ್ರು ಒಂದು ಮದುವೆಯಲ್ಲಿ ಹಿಂದಕ್ಕೆ ನಡೆಯುತ್ತಾ ಚರಂಡಿಗೆ ಬಿದ್ದರು. ಜನ ನಕ್ಕರು. ಬ್ಯಾಂಡು ಅಲ್ಲಿಗೆ ಮುಗಿಯಿತು.

"ನಡುವೆ ಇದ್ದೋನಿಗೆ ಎರಡೂ ಕಡೆ ಗದ್ದಲಾನೇ ಕೇಳ್ಸೋದು" ಅಂದರು ಮೇಷ್ಟ್ರು. "ವಿಡಿಯೋದೋನು ನೀರಿನ ಟ್ಯಾಂಕ್ ಹತ್ತಿ ನಿಂತಿದ್ದ. ಅವನಿಗೆ ಎರಡೂ ಸರಿಯಾಗಿ ಕೇಳ್ಸಿರ್ತೈತೆ. ಕೆಡಿಸಿದ್ದು ನಾನಾ, ಅವನಾ? ಈ ಕಿವಿ ಮುಚ್ಚೋದ್ರೊಳಗೆ ಅದೊಂದು ನಂಗೆ ಗೊತ್ತಾಗ್ಬೇಕು."

"ಗೊತ್ತಾಗಿ ಏನ್ಮಾಡ್ತೀರಿ ಮೇಷ್ಟ್ರೇ?"

"ತಪ್ಪು ನಂದಾಗಿದ್ರೆ ಅವನ ಬಾಗಿಲಿಗೆ ಹೋಗಿ ಕೈ ಮುಗೀತೀನಿ."

"ಅವಂದಾಗಿದ್ರೆ?"

"ಆಗ್ಲೂ ಹೋಗ್ತೀನಿ. ಆದ್ರೆ ತಲೆ ಎತ್ಕಂಡು ಹೋಗ್ತೀನಿ" ಅಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಮದುವೆ ಕ್ಯಾಸೆಟ್ ಕೇಳಿಕೊಂಡು ಹೋಗುವುದು ಬೇರೆ, ಸಾವಿನ ಕ್ಯಾಸೆಟ್ ಕೇಳಿಕೊಂಡು ಹೋಗುವುದು ಬೇರೆ. ಆ ಹಳ್ಳಿಯ ಬಸ್ಸಿನಲ್ಲಿ ಕೂತು, ಸತ್ತವರ ಮನೆಯವರು ಪೊರಕೆ ತಗೊಂಡು ಬಂದರೆ ಎತ್ತ ಓಡಲಿ ಅಂತ ಯೋಚಿಸುತ್ತಿದ್ದೆ. ಯಜಮಾನರ ಹೆಂಡತಿ ಜಗಲಿಯ ಮೇಲೆ ಕುರಿ ಉಣ್ಣೆ ಬಿಡಿಸುತ್ತಾ ಕೂತಿದ್ದರು. ವಿಷಯ ಹೇಳಿದೆ. ಅವರ ಕೈ ಉಣ್ಣೆ ಬಿಡಿಸುತ್ತಲೇ ಇತ್ತು. ಆ ಮುದುಕಿ ಸಿಟ್ಟು ಮಾಡಿಕೊಂಡರೋ, ದುಃಖ ಒತ್ತರಿಸಿ ಬಂತೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ.

"ನನ್ನ ಮಗ ಮಿಲ್ಟ್ರಿಯಾಗಿದ್ದ. ಮಣ್ಣಿಗೆ ಬರೋಕಾಗ್ಲಿಲ್ಲ. ಅವನು ನೋಡ್ಲಿ ಅಂತ ವಿಡಿಯೋ ತಗ್ಸಿದ್ದು" ಅಂದರು. "ಅವನೂ ನೋಡ್ಲಿಲ್ಲ. ನೋಡೋಕೆ ಧೈರ್ಯ ಬರ್ಲಿಲ್ಲ ಅವನಿಗೆ. ಮನೇಲಿ ಇಡಬಾರದು ಅಂದ್ರು, ಬಿಸಾಕೋಕೆ ನಂಗೆ ಮನಸ್ಸಾಗ್ಲಿಲ್ಲ. ಕುರಿ ಹಟ್ಟಿಯ ಅಟ್ಟದ ಮೇಲೆ ಇಟ್ಟೀನಿ."

ಎದ್ದು ಹೋಗಿ ತಂದರು. ಪ್ಲಾಸ್ಟಿಕ್ ಕವರು, ಅದರೊಳಗೆ ಹಳೆಯ ಕಂಬಳಿ ತುಂಡು, ಅದರೊಳಗೆ ಕ್ಯಾಸೆಟ್ಟು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

"ಇದು ನನ್ನ ಕೈ ಬಿಟ್ಟು ಹೋಗಲ್ಲ ತಾಯಿ. ನಾನೂ ಬರ್ತೀನಿ. ಹಾಡು ಕೇಳ್ಕಳ್ರಿ, ಮುಖ ಮಾತ್ರ ಯಾರೂ ನೋಡಬಾರ್ದು."

ಹಾಗೆ ಒಂದು ಮಧ್ಯಾಹ್ನ ನಾವು ಮೂವರು ಚಳ್ಳಕೆರೆಯ ಒಂದು ಹಳೇ ಸ್ಟುಡಿಯೋದಲ್ಲಿ ಕೂತೆವು: ನಾನು, ಮೇಷ್ಟ್ರು, ಕಾವಲಿನ ಆ ಅಜ್ಜಿ. ಊರಿನಲ್ಲಿ ಕೆಲಸ ಮಾಡುವ ವಿಸಿಆರ್ ಇರುವುದು ಆ ಸ್ಟುಡಿಯೋದವರೊಬ್ಬರ ಹತ್ತಿರ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ ಸ್ಟುಡಿಯೋದವರ ಮುಖ ಹುಳ್ಳಗಾಯಿತು. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು.

"ಇದನ್ನ ಹಾಕಿದ್ರೆ ನನ್ನ ಮಿಷನ್ ಹೆಡ್ ಹೋಗ್ತದೆ ಕಣಕ್ಕಾ."

"ಹೋದ್ರೆ ನಿಮ್ಮ ಮನೆಯೋರ ಬ್ಲೌಸೆಲ್ಲ ಸಾಯೋವರ್ಗೂ ನಾನು ಹೊಲ್ದು ಕೊಡ್ತೀನಿ. ಹಾಕ್ರೀ" ಅಂದೆ.

ಅವರು ಗೊಣಗುತ್ತಲೇ ಕ್ಯಾಸೆಟ್ ಬಿಚ್ಚಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಟೇಪನ್ನು ಗೇಣು ಗೇಣಾಗಿ ಒರೆಸಿದರು. ಅಜ್ಜಿ ಕಣ್ಣು ಮಿಟುಕಿಸದೆ ಅವರ ಬೆರಳನ್ನೇ ನೋಡುತ್ತಿದ್ದರು, ಮೇಷ್ಟ್ರು ಬಲಗಿವಿಯನ್ನು ಉಜ್ಜಿಕೊಳ್ಳುತ್ತಿದ್ದರು. ಕೊನೆಗೆ ಸ್ಟುಡಿಯೋದವರು ಹೇಳಿದರು: "ಒಂದೇ ಸಲ. ಕಂಪ್ಯೂಟರಿಗೆ ರೆಕಾರ್ಡ್ ಹಾಕಿರ್ತೀನಿ. ನಡುವೆ ನಿಲ್ಸು ಅಂತ ಯಾರೂ ಅನ್ನಬಾರದು. ನಿಲ್ಸಿ ಮತ್ತೆ ಎಳೆದ್ರೆ ಟೇಪು ಹರಿದುಹೋಗ್ತದೆ." ಅಜ್ಜಿಯ ಮಾತಿನಂತೆ ಟಿವಿಯ ಮುಖವನ್ನು ಗೋಡೆಗೆ ತಿರುಗಿಸಿದೆವು. ಮೇಷ್ಟ್ರಿಗೆ ಹೆಡ್‌ಫೋನ್ ಹಾಕಿ ಸದ್ದನ್ನು ಪೂರ್ತಿ ಏರಿಸಿದರು. ನಮಗೆ ಸಣ್ಣ ಸ್ಪೀಕರು.

ಮೊದಲು ಬರೀ ಗೊರಗೊರ. ಆಮೇಲೆ ಗಾಳಿ. ಆಮೇಲೆ, ಅಯ್ಯೋ ಶಿವನೇ, ನಮ್ಮ ಓಣಿಯ ಬ್ಯಾಂಡು! ಮುಂದಿನ ಅರ್ಧ ಒಂದು ಸಾಲು ಎತ್ತಿತು, ನಿಲ್ಲಿಸಿತು. ದೂರದಿಂದ ಹಿಂದಿನ ಅರ್ಧ ಉತ್ತರ ಕೊಟ್ಟಿತು. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲ. ಸೇರುತ್ತಿತ್ತು! ಎಲ್ಲರೂ ಗದ್ದಲ ಅಂದಿದ್ದು ಗದ್ದಲವೇ ಆಗಿರಲಿಲ್ಲ. ಮೇಷ್ಟ್ರ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಆಡತೊಡಗಿತು. ನಾನು ಸೆರಗು ಬಾಯಿಗಿಟ್ಟುಕೊಂಡು ಕೂತೆ.

ಅದರ ನಡುವೆ ಒಂದು ಹೆಣ್ಣು ದನಿ ಇತ್ತು. ಚಟ್ಟದ ಹಿಂದೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅದು. "ಹಿಂಡು ಯಾರಿಗೆ ಬಿಟ್ಟೆ ನನ್ನ ಧಣಿಯೇ, ಹಾದಿ ಯಾರಿಗೆ ಬಿಟ್ಟೆ" ಅಂತ ಎಳೆದು, ಉಸಿರು ತೆಗೆದುಕೊಂಡು, ಮತ್ತೆ ಎಳೆಯುವ ದನಿ. ನಾನು ಅಜ್ಜಿಯ ಕಡೆ ನೋಡಿದೆ. ಅವರು ತಮ್ಮ ದನಿಯನ್ನೇ ಕೇಳುತ್ತಾ ನೆಲ ನೋಡುತ್ತಿದ್ದರು. ಆಮೇಲೆ ಮೇಷ್ಟ್ರ ಕಡೆ ನೋಡಿದೆ. ಆಡುತ್ತಿದ್ದ ಕೈ ನಿಂತುಹೋಗಿತ್ತು.

ನನಗೂ ಆಗ ಕೇಳಿಸಿತು. ಅಜ್ಜಿಯ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಬ್ಯಾಂಡು ಎತ್ತುತ್ತಿತ್ತು. ಅಜ್ಜಿ ತಡೆದರೆ ಎರಡೂ ಕಡೆಯವರು ತಡೆಯುತ್ತಿದ್ದರು. ಅಷ್ಟು ಜನರ ನಡುವೆ ಹಿಂದಿನವರಿಗೆ ಮೇಷ್ಟ್ರ ಕೈ ಎಲ್ಲಿ ಕಾಣಬೇಕು! ಅವರಿಗೂ ಮುಂದಿನವರಿಗೂ ಕೇಳುತ್ತಿದ್ದದ್ದು ನಡುವಿನ ಆ ಅಳು ಒಂದೇ. ಎಲ್ಲರೂ ಅದನ್ನು ಹಿಡಿದುಕೊಂಡು ನಡೆಯುತ್ತಿದ್ದರು.

ಅಷ್ಟರಲ್ಲಿ ಸ್ಪೀಕರಿನಿಂದ ಯಾರೋ ಹಿರಿಯರು ಕೂಗಿದರು: "ಅಗಸೆಬಾಗಿಲು ಬಂತು! ಇಳಿಸ್ರಪ್ಪಾ. ಹೆಂಗಸ್ರು ಇಲ್ಲಿಗೇ ನಿಲ್ರವ್ವಾ, ನಿಲ್ರಿ."

ನಮ್ಮ ಕಡೆ ಹಾಗೆಯೇ. ಹೆಂಗಸರು ಊರ ಬಾಗಿಲವರೆಗೆ ಮಾತ್ರ. ಅಲ್ಲಿಂದ ಮುಂದೆ ಗಂಡಸರು ಹೋಗಿ ಮಣ್ಣು ಮಾಡಿ ಬರುತ್ತಾರೆ, ನಾವು ತಿರುಗಿ ನೋಡದೆ ಮನೆಗೆ ನಡೆಯಬೇಕು.

ಅಜ್ಜಿ ದಡಕ್ಕನೆ ಎದ್ದು ನಿಂತರು. "ನಿಲ್ಸು. ಸಾಕು, ನಿಲ್ಸು. ಇದರಿಂದ ಮುಂದಕ್ಕೆ ನಾನು ಹೋಗಿಲ್ಲ."

ಸ್ಟುಡಿಯೋದವರು ನನ್ನ ಮುಖ ನೋಡಿದರು. ಅವರ ಬೆರಳು ಬಟನ್ನಿನ ಮೇಲಿತ್ತು. ನಿಲ್ಲಿಸಿದರೆ ಟೇಪು ಹರಿದೀತು. ನಿಲ್ಲಿಸದಿದ್ದರೆ ಈ ಮುದುಕಿಯ ಗಂಡನನ್ನು, ಅವರು ಎಂದೂ ಹೋಗಬಾರದ ಜಾಗಕ್ಕೆ, ಅವರ ಎದುರೇ ಒಯ್ಯುತ್ತೇವೆ. ಮೇಷ್ಟ್ರಿಗೋ ಬೇಕಾದದ್ದೇ ಅಲ್ಲಿಂದ ಮುಂದಿನದು, ಕೆಟ್ಟದ್ದು ಅಲ್ಲೇ. ಹೆಡ್‌ಫೋನ್ ಹಾಕಿಕೊಂಡ ಅವರಿಗೆ ಅಜ್ಜಿ ಎದ್ದದ್ದೂ ಗೊತ್ತಿಲ್ಲ, ಕಣ್ಣು ಮುಚ್ಚಿ ಕೂತಿದ್ದಾರೆ. ನನಗೆ ನಿಲ್ಲಿಸಿ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ.

ಅಜ್ಜಿ ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು.

"ಇರ್ಲಿ ಬಿಡು. ಅದು ಹೋಗ್ಲಿ. ನಾನು ಹಿಂದಕ್ಕೆ ಹೋಗ್ತೀನಿ" ಅಂದರು. ಸೆರಗು ತಲೆ ಮೇಲೆ ಎಳೆದುಕೊಂಡು, ತಿರುಗಿ ನೋಡದೆ ಹೊರಗೆ ನಡೆದರು. ಅಂಗಡಿಯ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತರು.

ಸ್ಪೀಕರಿನಲ್ಲಿ ಅಳು ದೂರವಾಯಿತು, ನಿಂತಿತು. ಬ್ಯಾಂಡು ಮತ್ತೆ ಎತ್ತಿತು. ಮುಂದಿನವರು ಒಂದು ಸಾಲು ನುಡಿಸಿದರು, ಹಿಂದಿನವರು ಉತ್ತರ ಕೊಡಲು ಕಾದರು. ಯಾವಾಗ ಎತ್ತಬೇಕು ಅಂತ ಗೊತ್ತಾಗದೆ ಕಾದದ್ದು ಕೇಳಿಸುತ್ತಿತ್ತು. ತಡವಾಗಿ ಎತ್ತಿದರು. ಮುಂದಿನವರು ಗಾಬರಿಯಾಗಿ ಬೇಗ ಎತ್ತಿದರು. ಒಂದರ ಮೇಲೊಂದು ಬಿತ್ತು. ನಡುವೆ ಮೇಷ್ಟ್ರದೇ ದನಿ, ಆಗಿನ ಗಟ್ಟಿ ದನಿ: "ನಿದಾನಂಗಾ ರಾ! ನನ್ನ ಕೈ ನೋಡ್ರೋ! ಕೈ ನೋಡ್ರೋ!" ಆಮೇಲೆ ಕೂಗಾಟ, ಗೊರಗೊರ.

ಮೇಷ್ಟ್ರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾನೂ ಅಲ್ಲ, ಅವನೂ ಅಲ್ಲ" ಅಂದರು. ಮತ್ತೆ ಅದನ್ನೇ ಅಂದರು. ಆಮೇಲೆ ಎದ್ದು ಹೊರಗೆ ಹೋಗಿ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಮುಗಿದರು.

"ತಾಯಿ, ಅವತ್ತು ಬ್ಯಾಂಡ್ ನಡೆಸಿದ್ದು ನೀನು. ನಾನು ಸುಮ್ನೆ ಕೈ ಬೀಸ್ತಿದ್ದೆ."

ಅಜ್ಜಿಗೆ ಅವರು ಹೇಳಿದ್ದು ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಕೇಳಿ, ತಲೆ ಅಲ್ಲಾಡಿಸಿದರು. "ನಾನು ಗಂಡ ಹೋದ ಅಂತ ಅತ್ತೆ ಕಣಪ್ಪಾ. ಬ್ಯಾಂಡ್ ಬಂದಿತ್ತು ಅಂತಾನೂ ನಂಗೆ ಗೊತ್ತಿರ್ಲಿಲ್ಲ."

ಅದನ್ನು ಮೇಷ್ಟ್ರ ಕಿವಿಯಲ್ಲಿ ಕೂಗಿ ಹೇಳಿದೆ. ಅವರ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. "ಅವನಿಗೆ ಫೋನ್ ಹಚ್ಚು" ಅಂದರು.

ಬಾಮೈದನ ನಂಬರು ನನ್ನ ಹತ್ತಿರ ಇತ್ತು. ಹಚ್ಚಿದೆ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು. ನಾನು ಯಾರು, ಎಲ್ಲಿದ್ದೇನೆ ಅಂತ ಹೇಳಿದೆ. ಏನು ಕೇಳಿದೆವು, ಹೆಂಗಸರು ಅಗಸೆಬಾಗಿಲಲ್ಲಿ ತಿರುಗಿದ ಮೇಲೆ ಬ್ಯಾಂಡು ಹೇಗೆ ಚೆಲ್ಲಾಪಿಲ್ಲಿಯಾಯಿತು ಅಂತ ಎಲ್ಲಾ ಹೇಳಿದೆ. ಮಗ್ಗ ನಿಂತಿತು.

"ಭಾವ ಅಲ್ಲೇ ಅದಾರಾ?"

"ಇಲ್ಲೇ ಅದಾರೆ."

"ಅವತ್ತೇ ಹೇಳಿದ್ನಲ್ಲಮ್ಮಾ ನಾನು" ಅಂದ. "ಹಿಂದೆ ಇದ್ದೋನು ನಾನು. ಹೆಂಗಸ್ರು ನನ್ನ ಪಕ್ಕದಾಗೇ ವಾಪಸ್ ಹೋದ್ರು. ಇನ್ನು ಹಿಡಿಯೋಕೆ ಏನೂ ಇಲ್ಲ ಭಾವ, ನಿಲ್ಸು ಅಂತ ಕೂಗ್ದೆ. ಆಮ್ಯಾಕೂ ಹೇಳೋಕೆ ಹೋದೆ. ಆಗ ಎರಡು ಕಿವೀನೂ ಚೆನ್ನಾಗಿದ್ವು ಅವರಿಗೆ. ಕೇಳಿಸ್ಕಳ್ಳಿಲ್ಲ."

ಮೇಷ್ಟ್ರು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದರು. "ಏನಂತಾನೆ? ಏನಂತಾನೆ ಹೇಳವ್ವಾ."

ಸ್ವಲ್ಪ ಬೆಣ್ಣೆ ಹಚ್ಚಿ ಹೇಳೋಣ ಅಂತ ಒಂದು ಗಳಿಗೆ ಅನ್ನಿಸಿತು. ಮುದುಕರು, ಕಿವಿ ಹೋಗುತ್ತಿರುವವರು. ಆದರೆ ಅವರು ಕೇಳುತ್ತಾ ಬಂದದ್ದು ನಿಜವನ್ನು, ನನ್ನ ಬೆಣ್ಣೆಯನ್ನಲ್ಲ. ಬಲಗಿವಿಗೆ ಬಾಯಿ ಇಟ್ಟು, ಅವನು ಅಂದದ್ದನ್ನು ಅಂದ ಹಾಗೇ, ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಜೋರಾಗಿ ಕೂಗಿ ಹೇಳಿದೆ.

ಮೇಷ್ಟ್ರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಾತಾಡುತ್ತಾರೆ ಅಂದುಕೊಂಡೆ. ಅದನ್ನು ನೋಡುತ್ತಾ ನಿಂತು, ವಾಪಸ್ ನನ್ನ ಕೈಗೇ ಇಟ್ಟರು.

"ಕೇಳಿಸ್ತು ಅಂತ ಹೇಳವ್ವಾ ಅವನಿಗೆ" ಅಂದರು. "ಈಗ ಕೇಳಿಸ್ತು ಅಂತ ಹೇಳು."